ಮೇಸ್ತ್ರಿಯ ಬಾಯಿ

“ನಿಮ್ಮ ನಿಧಾನಗತಿ ನಮ್ಮ ಗಮನಕ್ಕೆ ಬಂದಿದೆ. ಆದರೂ ನಿಮ್ಮ ಮೇಲೆ ನಮಗೆ ಪೂರ್ಣ ನಂಬಿಕೆಯಿದೆ.”

ಮೇಸ್ತ್ರಿ ಫೋನು ನೋಡಿಕೊಂಡು ಓದಿದ. ನನ್ನೆದುರು ನಿಂತಿದ್ದ ನನ್ನ ಅತ್ತಿಗೆ ತಲೆ ಎತ್ತಲಿಲ್ಲ. ಆಸ್ಪತ್ರೆಗಳ ಚಾದರ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆ ನಮ್ಮದು. ಇಸ್ತ್ರಿಯ ಬಿಸಿ ಉರುಳೆಗಳಿಂದ ಸುಡುತ್ತ ಬರುವ ಚಾದರದ ಎರಡು ತುದಿ ಅವಳದು, ಎರಡು ನನ್ನದು. ಹಿಡಿದು, ಎದುರುಬದುರು ನಡೆದು ಮಡಿಸಬೇಕು. ಹತ್ತಿರ ಬಂದಾಗಲೆಲ್ಲ ಅವಳ ತುಂಬು ಹೊಟ್ಟೆ ನನಗೆ ತಾಗುತ್ತಿತ್ತು.

“ಸೂಳೇಮಗನ ಬಾಯಲ್ಲಿ ಸಕ್ಕರೆ ಸುರೀತಾ ಇದೆ ನೋಡೇ,” ಪಕ್ಕದ ಸಾಲಿನ ಮುದುಕಿ ಗೊಣಗಿದಳು.

ಮೊದಲು ಹೀಗಿರಲಿಲ್ಲ. “ಕತ್ತೆಮುಂಡೇರಾ, ಕೈಗೇನು ಲಕ್ವ ಹೊಡೆದಿದೆಯಾ?” ಎಂದು ಕೂಗುತ್ತಿದ್ದ. ಕೂಗುತ್ತಲೇ, ಸುಸ್ತಾದವಳ ಕಡೆಗೆ ಕಾಲಿನಿಂದ ಸ್ಟೂಲು ತಳ್ಳುತ್ತಿದ್ದ. ಈಗ ಏನು ಹೇಳಬೇಕೆಂದು ಕಂಪನಿಯ ಯಂತ್ರ ಅವನ ಫೋನಿಗೆ ಬರೆದುಕೊಡುತ್ತದೆ. ಅದನ್ನೇ ಹೇಳಿದನೋ ಇಲ್ಲವೋ ಎಂದು ಕೊರಳಿನ ಮೈಕು ಕೇಳಿಸಿಕೊಳ್ಳುತ್ತದೆ. ಸ್ವಂತ ಮಾತು ಸೇರಿಸಿದ್ದ ಪಕ್ಕದ ಶೆಡ್ಡಿನ ಮೇಸ್ತ್ರಿ ಕೆಲಸ ಕಳೆದುಕೊಂಡು ಮನೆಯಲ್ಲಿದ್ದಾನೆ.

ಅತ್ತಿಗೆಯ ಕಾಲ ಬಳಿ ನೆಲ ಒದ್ದೆಯಾಯಿತು. ಚಾದರ ಹಿಡಿದುಕೊಂಡೇ ಅವಳು ಕುಕ್ಕರಿಸಿದಳು.

“ಮೇಸ್ತ್ರೀ, ನೀರು ಒಡೀತು. ಹೆರಿಗೆ ನೋವು. ಬಾಗಿಲು ತೆಗಿ,” ಎಂದೆ.

ಪಾಳಿ ಮುಗಿಯುವ ತನಕ ಆ ಬಾಗಿಲು ತೆರೆಯುವುದು ಮೇಸ್ತ್ರಿಯ ಹೆಬ್ಬೆಟ್ಟಿಗೆ ಮಾತ್ರ. ಅವನು ಫೋನು ನೋಡಿದ. ನಾವು ಅವನನ್ನು ನೋಡಿದೆವು.

“ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ. ಪಾಳಿ ಮುಗಿದ ನಂತರ ಮಾತಾಡೋಣ.”

“ಆ ಫೋನು ಆಚೆಗಿಡೋ!” ಮುದುಕಿ ಕಿರುಚಿದಳು. “ನೀನೂ ಮಕ್ಕಳ ಅಪ್ಪ ಅಲ್ವೇನೋ? ನಿನ್ನ ಬಾಯಿಂದ ಏನಾದ್ರೂ ಆಡು. ಬೈದ್ರೂ ಸರಿ.”

ಅವನ ಕಣ್ಣು ಮೈಕಿನತ್ತ ಜಾರಿತು. ನಾನು ನನ್ನ ಕೈಯ ಚಾದರ ಬಿಟ್ಟೆ. ಅವನ ಕೊರಳಿನಿಂದ ಮೈಕು ಕಿತ್ತು ಉರುಳೆಗಳ ನಡುವೆ ಎಸೆದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಹಬ್ಬಿತು.

“ಈಗ ಹೇಳು. ಯಾರೂ ಕೇಳ್ತಾ ಇಲ್ಲ.”

ಅವನು ಬಾಯಿ ತೆರೆದ. ಅತ್ತಿಗೆ ಹಲ್ಲು ಕಚ್ಚಿ ನರಳುವುದು ಕೇಳುತ್ತಿತ್ತು.

“ನಿಮ್ಮ... ನಿಮ್ಮ ಸಹಕಾರಕ್ಕೆ ಧನ್ಯವಾದ,” ಎಂದ.

ಮುದುಕಿ ಅವನ ಕೊರಳಪಟ್ಟಿ ಹಿಡಿದಳು, ನಾನು ಮುಂಗೈ. ಬಾಗಿಲ ತನಕ ಎಳೆದೊಯ್ದು ಹೆಬ್ಬೆಟ್ಟನ್ನು ಬೆರಳಚ್ಚು ಓದುವ ಗಾಜಿಗೆ ಒತ್ತಿದೆವು. ಬೆವರಿತ್ತು, ಕೆಂಪು ದೀಪ ಹತ್ತಿತು. ನನ್ನ ಅಂಗಿಗೆ ಒರೆಸಿ ಮತ್ತೆ ಒತ್ತಿದೆವು. ಕೆಂಪು. ಹಿಂದೆ ಉರುಳೆಗಳು ತಿರುಗುತ್ತಲೇ ಇದ್ದವು. ಹಿಡಿಯುವವರಿಲ್ಲದ ಬಿಸಿ ಚಾದರಗಳು ಒಂದರ ಮೇಲೊಂದು ಬಂದು ಅತ್ತಿಗೆಯನ್ನು ಮುಚ್ಚುತ್ತಿದ್ದವು.