ವಂಕನಿಗೊಂದು ಕಲ್ಲು

ಸಮುದ್ರರಾಯ ಈ ನೆಲದ ಗಂಡನಾಗಿದ್ದ ಕಾಲವೊಂದಿತ್ತಂತೆ. ಸಂಜೆಯೊಳಗೆ ಬರುತ್ತೇನೆಂದು ಹೋದವನು ಬರಲೇ ಇಲ್ಲ. ಅವಳು ಬಿಳಿ ಹಾಸಿಗೆ ಹಾಸಿ ಇನ್ನೂ ಕಾಯುತ್ತಿದ್ದಾಳೆ. ಅದೇ ನಮ್ಮ ಕಛ್‌ನ ರಣ್ ಎಂಬ ಉಪ್ಪಿನ ಬಯಲು. ಯಾರ ಹೆಜ್ಜೆ ಕೇಳಿದರೂ ಗಂಡನೇ ಬಂದನೆಂದು ಒಳಗೆಳೆದುಕೊಳ್ಳುತ್ತಾಳೆ.

ಜೀವಿ ಅಜ್ಜಿ ಈ ಕಥೆ ಹೇಳುವಾಗೆಲ್ಲ ನನಗೆ ಆ ಹಾಸಿಗೆಯ ಮೇಲೆ ಮಲಗುವ ಆಸೆ. ಬೆಳಗಿನ ಬಿಸಿಲಿಗೆ ಉಪ್ಪು ಹಾಲು ಚೆಲ್ಲಿದಂತೆ ಹೊಳೆಯುತ್ತಿತ್ತು. ಅದರಾಚೆ ರಾಜಹಂಸಗಳ ಗುಲಾಬಿ ಗೆರೆ. ಅಣ್ಣ ವಂಕ ಅಲ್ಲಿ ಮುಳುಗುವವರೆಗೂ ಆ ಆಸೆ ಇತ್ತು.

ಅಪ್ಪ ಹಮೀರ ಹೆಜ್ಜೆ ಓದುವವನು, ಮರಳುನಾಡಿನಿಂದ ಮನೆ ಅಳಿಯನಾಗಿ ಬಂದವನು. ಮರಳಿನಲ್ಲಿ ಹೆಜ್ಜೆಯ ಅಂಚು ಚೂಪಾಗಿದ್ದರೆ ಅದು ಇವತ್ತಿನದು. ತಪ್ಪಿಸಿಕೊಂಡ ಒಂಟೆಯನ್ನು ಹುಡುಕುವಾಗ ಉಪ್ಪಿನ ಮೇಲೆ ಕಾಡುಕತ್ತೆಗಳ ಚೂಪು ಹೆಜ್ಜೆ ಕಂಡು, "ಈಗಷ್ಟೇ ದಾಟಿವೆ, ನೆಲ ಗಟ್ಟಿ ಇದೆ, ಹೋಗು" ಎಂದು ವಂಕನನ್ನು ಕಳಿಸಿದ್ದ. ಆದರೆ ಉಪ್ಪು ಹತ್ತು ದಿನದ ಹೆಜ್ಜೆಯನ್ನೂ ಹೊಸದರಂತೆಯೇ ಇಟ್ಟಿರುತ್ತದೆ. ಕತ್ತೆಗಳು ದಾಟಿದ ಮೇಲೆ ಪಡುವಣ ಗಾಳಿ ಬೀಸಿ ಉಪ್ಪಿನಡಿಗೆ ನೀರು ನುಗ್ಗಿತ್ತು. ಅಪ್ಪ ಹಗ್ಗ ಎಸೆಯುವಷ್ಟರಲ್ಲಿ ಕೆಸರು ಮುಚ್ಚಿಕೊಂಡಿತ್ತು.

ಹೆಣ ಸಿಗದವನಿಗೆ ಕಲ್ಲು ನೆಡಬೇಕು, ಕಳಿಸಿದವನೇ ನೆಡಬೇಕು. ಅಲ್ಲಿಯವರೆಗೆ ಸತ್ತವನು ಬಾಯಾರಿ ಅಲೆಯುತ್ತಾನೆ. ನೆಡುತ್ತೇನೆಂದು ಅಪ್ಪ ಅಜ್ಜಿಗೆ ಮಾತು ಕೊಟ್ಟ. ಒಂಟೆಯ ಮೇಲೆ ಕೂತ ವಂಕನನ್ನು ಕೆತ್ತಿಸಿಯೂ ಆಯಿತು. ಆಮೇಲೆ ಮೂರು ವರ್ಷ ಕಲ್ಲು ಗುಡಿಸಲ ಹಿಂದೆ ಒರಗಿಕೊಂಡೇ ಇತ್ತು.

ಈ ಚಳಿಗಾಲ ಅಜ್ಜಿ ಹಾಸಿಗೆ ಹಿಡಿದಳು.

"ಏನ್ ಅಳಿಯಂದ್ರೇ, ಕಲ್ಲು ಬೇರು ಬಿಡ್ಲಿ ಅಂತ ಕಾಯ್ತಿದೀರಾ?"

"ಒಳ್ಳೆ ದಿನ ನೋಡ್ತಿದೀನಿ ಅತ್ತೆ."

"ನೋಡಿ, ನೋಡಿ. ನಂದೂ ಒಂದು ಕಲ್ಲು ಜೊತೆಗೇ ಹೋಗ್ಲಿ. ಒಂದೇ ಒಂಟೆ ಸಾಕಾಗುತ್ತೆ."

ಅಪ್ಪ ತಲೆ ತಗ್ಗಿಸಿದ. "ಅಲ್ಲಿಗೆ ಹೋದ್ರೆ ಅವನ ಹೆಜ್ಜೆ ಕಾಣುತ್ತೆ ಅತ್ತೆ."

"ಮೂರು ಮಳೆ ಬಂದು ಹೋಯ್ತಲ್ಲ ಅಪ್ಪ," ಎಂದೆ ನಾನು. "ಎಲ್ಲಾ ಅಳಿಸಿರುತ್ತೆ."

"ನಂಗೆ ಅಳಿಸಿಲ್ಲ ಮಗಳೇ."

ಅಜ್ಜಿ ಹಾಸಿಗೆಯಲ್ಲೇ ಅವನತ್ತ ಹೊರಳಿದಳು. ಆಮೇಲೆ, "ಹುಡುಗ ಬಾಯಾರಿದಾನೆ, ಹಮೀರಾ," ಎಂದಳು. ಅಳಿಯನನ್ನು ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅಪ್ಪ ಕಲ್ಲನ್ನು ಒಂಟೆಗೆ ಬಿಗಿದ. ನಾನೂ ಹೊರಟೆ. ಗಟ್ಟಿ ನೆಲ ಮುಗಿದು ಬಿಳುಪು ಶುರುವಾಗುವಲ್ಲಿ ಅವನು ಮೊಣಕಾಲೂರಿ ಗುಂಡಿ ತೋಡತೊಡಗಿದ. ಎರಡು ಸಲ ಕೈ ನಿಂತಿತು. ಎದುರಿಗೆ ರಣ್ ಎಂದಿನಷ್ಟೇ ಚೆಲುವಾಗಿತ್ತು, ಅದನ್ನೇ ನನಗೆ ಸಹಿಸಲಾಗಲಿಲ್ಲ. ಕೊನೆಗೆ ಇಬ್ಬರೂ ಕಲ್ಲನ್ನು ಇಳಿಸಿ, ಮಣ್ಣು ತುಂಬಿ ತುಳಿದೆವು. ಅಪ್ಪ ಸಿಂಧೂರ ಹಚ್ಚಿ, ತೊಗಲು ಚೀಲದಲ್ಲಿದ್ದ ನೀರನ್ನೆಲ್ಲ ಕಲ್ಲಿನ ನೆತ್ತಿಗೆ ಸುರಿದ.

"ಕುಡಿ, ಮಗಾ," ಎಂದ.