ಕತ್ತಲು ನೆಲದಿಂದ ಏಳುತ್ತದೆ

ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದು ವಾಡಿಕೆ. ಹಾಗೆ ಕೇಳಿದ್ದರೆ ಕರ್ಣಕಠೋರವಾಗಿ ಕಿರುಚಿ ಪಾರಾಗುತ್ತಿದ್ದೆ. ಆದರೆ ಐವತ್ತೆಂಟನೆಯ ಇಸವಿಯ ಆ ಭಾನುವಾರ ಬನ್ನಿಮಂಟಪದ ನಮ್ಮ ಮನೆಗೆ ಬಂದ ಗಂಡಿನ ತಂದೆ ಶಿವಲಿಂಗಯ್ಯನವರು ನಿವೃತ್ತ ಹೆಡ್‌ಮಾಸ್ಟರು. ಉಪ್ಪಿಟ್ಟು ಮುಗಿಸಿ, ಕೈ ತೊಳೆದು, ಜೇಬಿನಿಂದ ಒಂದು ಬಿಳಿ ಹಾಳೆ ತೆಗೆದರು.

“ನೋಡಮ್ಮ ಸರ್ವಮಂಗಳಾ, ವಿಷಯ ‘ಸಂಜೆ’. ಒಂದೇ ಒಂದು ಪ್ಯಾರಾ ಬರೆದು ತಾ. ಒಂದು ಮಾತಾದ ಮೇಲೆ ಇನ್ನೊಂದನ್ನ ಹೆಂಗೆ ಜೋಡಿಸ್ತೀಯ ಅಂತ ನೋಡಿದ್ರೆ, ಮನೆ ಹೆಂಗೆ ನಡೆಸ್ತೀಯ ಅಂತ ತಿಳಿದುಬಿಡ್ತದೆ.”

ಅಯ್ಯೋ ಶಿವನೇ! ಪಕ್ಕದಲ್ಲಿ ಕೂತಿದ್ದ ಗಂಡು ಮಾತ್ರ ತನ್ನ ಬೂಟ್ಸು ಎಲ್ಲಿಗೋ ಓಡಿಹೋಗುತ್ತದೆ ಎಂಬಂತೆ ಬಾಗಿಲ ಕಡೆಗೇ ನೋಡುತ್ತಿದ್ದ.

ನನ್ನ ಬಿ.ಎ. ಮುಗಿಯಲು ಇನ್ನೂ ಒಂದು ವರ್ಷವಿತ್ತು. ಇವರು ಒಪ್ಪಿಬಿಟ್ಟರೆ ಕಾಲೇಜಿಗೆ ಶರಣು ಶರಣಾರ್ಥಿ. ನನ್ನನ್ನು ಓದಿಸುವ ಆಸೆ ಅಪ್ಪಾಜಿಗೂ ಇತ್ತು, ಆದರೆ ಎದುರಿಗೆ ಕೂತವರಿಗೆ ‘ಆಗುವುದಿಲ್ಲ’ ಎನ್ನುವ ನಾಲಿಗೆ ಅವರಿಗಿರಲಿಲ್ಲ. ತಮ್ಮ ಬಟ್ಟೆ ಅಂಗಡಿಯಲ್ಲೂ ಗಿರಾಕಿ ಕೇಳಿದ ಬೆಲೆಗೇ ಕೊಟ್ಟು ಕಳಿಸುವ ಮನುಷ್ಯ. ಹಾಗಾಗಿ ಬಂದವರೇ ಬೇಡವೆಂದು ಎದ್ದು ಹೋಗುವಂತೆ ನಾನು ಬರೆಯಬೇಕಿತ್ತು.

“ಚೆಂದಾಗಿ ಬರ್ದುಬುಡು ಕಣೇ, ಒಳ್ಳೇ ಸಂಬಂಧ,” ಎಂದು ಅವ್ವ ಪಿಸುಗುಟ್ಟಿದಳು. ಹೂಂ ಎಂದು ತಾರಸಿ ಹತ್ತಿದೆ.

ಕೆಟ್ಟದಾಗಿ ಬರೆಯುವುದೇನು ಮಹಾ? ‘ಸಂಜೆಯಾದ ಮೇಲೆ ರಾತ್ರಿಯಾಗುವುದು. ಹಸು ಸಾಧು ಪ್ರಾಣಿ’ ಎಂದು ಗೀಚಿ ತಲೆಯೆತ್ತಿದೆ. ಎದುರಿಗೆ ನಿಜವಾದ ಸಂಜೆಯೇ ಬಂದು ನಿಂತಿತ್ತು.

ಅಲ್ಲಿಂದ ಮುಂದೆ ಎಲ್ಲವೂ ಅರೆನಿದ್ದೆಯಲ್ಲಿ ನಡೆದಂತಿದೆ. ಇದನ್ನು ಎಲ್ಲಿಂದ ಹಿಡಿಯುವುದು? ದೂರದ ಬೆಟ್ಟದಿಂದ ಶುರು ಮಾಡಿ ನಮ್ಮ ಅಂಗಳಕ್ಕೆ ಬರಬಹುದು. ಹೊತ್ತಿನ ಪ್ರಕಾರ, ದನ ಮನೆಗೆ ಬರುವುದರಿಂದ ದೀಪ ಹಚ್ಚುವವರೆಗೆ ಹೋಗಬಹುದು. ಸಂಜೆಗೆ ಮನಸ್ಸೇಕೆ ಮೆತ್ತಗಾಗುತ್ತದೆ ಎಂದು ಕಾರಣ ಕೇಳುತ್ತಲೂ ಹೋಗಬಹುದು. ಯಾವುದೂ ಸರಿಬೀಳದೆ ಸುಮ್ಮನೆ ನೋಡುತ್ತಾ ನಿಂತೆ. ಕತ್ತಲು ಆಕಾಶದಿಂದ ಇಳಿಯುತ್ತದೆ ಎಂದು ಎಲ್ಲರೂ ಬರೆಯುತ್ತಾರಲ್ಲ, ಶುದ್ಧ ಸುಳ್ಳು. ಅದು ನೆಲದಿಂದ ಏಳುತ್ತದೆ. ಮೊದಲು ಚರಂಡಿ, ಆಮೇಲೆ ಜಟಕಾದ ಚಕ್ರ, ಕುದುರೆಯ ಬೆನ್ನು, ಹುಣಸೆಮರದ ಬುಡ, ಗಿಳಿಗಳು ಗಲಾಟೆ ಮಾಡುವ ಕೊಂಬೆ, ಹೆಂಚು. ಎಲ್ಲಕ್ಕೂ ಕೊನೆಗೆ ಬೆಟ್ಟದ ನೆತ್ತಿ. ನನ್ನ ವಾಕ್ಯಗಳೂ ಅದರ ಹಿಂದೆಯೇ ಒಂದೊಂದಾಗಿ ಹತ್ತಿದವು. ಹಸುವನ್ನು ಹೊಡೆದುಹಾಕಿದ್ದು ಯಾವಾಗಲೋ ಗೊತ್ತಿಲ್ಲ. ಎಂಥ ಸುಖವಾಗಿತ್ತು! ಮದುವೆ, ಗಂಡು, ಹೆಡ್‌ಮಾಸ್ಟರು ಯಾರೂ ನೆನಪಿರಲಿಲ್ಲ.

ಅವ್ವ ಕರೆದಳು, ಇಳಿದುಹೋಗಿ ಹಾಳೆ ಕೊಟ್ಟೆ.

ಶಿವಲಿಂಗಯ್ಯನವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು. ಅಪ್ಪಾಜಿಯ ಕಡೆ ತಿರುಗಿ, “ಭೇಷ್! ಚನ್ನಬಸವಯ್ಯನೋರೇ, ನಮಗೆ ಪೂರ್ತಿ ಒಪ್ಪಿಗೆ ಕಣ್ರೀ. ಇಷ್ಟು ಚೆನ್ನಾಗಿ ಬರೆಯೋಕೆ ಬಂದ ಮೇಲೆ ಇನ್ನು ಆ ಕಾಲೇಜಲ್ಲಿ ಕಲಿಯೋದೇನು ಉಳೀತು?”

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ. ಅಪ್ಪಾಜಿ ಎಂದಿನಂತೆ ನೆಲ ನೋಡುತ್ತಿದ್ದರು. ನನಗೆ ಅಳು ಬಂತು, ಅದಕ್ಕಿಂತ ಮುಂಚೆ ಕೋಪ ಬಂತು.

“ಕೊಡಿ ಮೇಷ್ಟ್ರೇ, ಇನ್ನೂ ಮುಗಿದಿಲ್ಲ,” ಎಂದು ಹಾಳೆ ಇಸಿದುಕೊಂಡು, ಗೋಡೆಗೆ ಒತ್ತಿ ಹಿಡಿದು ಒಂದು ವಾಕ್ಯ ಬರೆದೆ. ಅದನ್ನು ಅಪ್ಪಾಜಿಯ ಕೈಗೆ ಕೊಟ್ಟೆ.

ಅವರು ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದರು: “ಬೆಟ್ಟವೂ ಕಪ್ಪಾದ ಮೇಲೆ, ತಾರಸಿಯಲ್ಲಿ ನಿಂತವಳ ಮುಖದ ಮೇಲೆ ಇನ್ನೂ ಒಂದಿಷ್ಟು ಬೆಳಕು ಇರುತ್ತದೆ, ಅವಳನ್ನು ಈಗಲೇ ಕೆಳಕ್ಕೆ ಕರೆಯಬೇಡಿ.”

ಹಾಳೆಯನ್ನು ಮಡಿಚಿ ತಮ್ಮ ಜೇಬಿಗೇ ಹಾಕಿಕೊಂಡರು.

“ತಪ್ಪು ತಿಳೀಬೇಡಿ ಮೇಷ್ಟ್ರೇ,” ಎಂದು ಎದ್ದು ನಿಂತು ಕೈ ಮುಗಿದರು. “ಆಗೋದಿಲ್ಲ.”