ತೊಳೆದರೂ ಹೋಗದ ಹಳದಿ

ಬಟ್ಟೆಗೆ ಬಣ್ಣ ಹಾಕುವವನ ಹೆಂಡತಿ ಬಚ್ಚಲಲ್ಲಿ ಗಂಡನ ಕತ್ತು ತಿಕ್ಕಿ ತಿಕ್ಕಿ ಸುಸ್ತಾಗಿದ್ದಳು. ಸೋಪು ಸವೆಯಿತೇ ಹೊರತು ಹಳದಿ ಹೋಗಲಿಲ್ಲ.

“ಮೆಲ್ಲಗೆ ಕಣೇ, ಅದು ಚರ್ಮ, ಪಾತ್ರೆ ಅಲ್ಲ.”

“ಪಾತ್ರೆಯಾಗಿದ್ರೆ ಇಷ್ಟೊತ್ತಿಗೆ ಹೊಳೀತಿತ್ತು! ಬಣ್ಣ ಹಾಕೋದು ಬಟ್ಟೆಗೋ ಮೈಗೋ?”

ಕಾರ್ಖಾನೆಯಲ್ಲಿ ಆಗ ಹಳದಿಯ ಸರದಿ. ನೀಲಿ ಅದ್ದಿದರೆ ಉಗುರೆಲ್ಲ ನೀಲಿ, ಕೆಂಪು ಅದ್ದಿದರೆ ಮೊಣಕೈವರೆಗೂ ಕೆಂಪು. ಹಾಗಾಗಿ ಅವನು ಹಳದಿಯಾದದ್ದು ಯಾರಿಗೂ ವಿಶೇಷ ಅನ್ನಿಸಲಿಲ್ಲ. ಮೈ ತುರಿಸಿದರೆ ಬಣ್ಣದ ಮೇಲೆ ದೂರು, ಊಟ ಸೇರದಿದ್ದರೆ ಕುದಿಯುವ ತೊಟ್ಟಿಯ ವಾಸನೆಯ ಮೇಲೆ ದೂರು.

ಅವನು ಮುಖ ಒರೆಸಿಕೊಂಡು ಬೆಳಕಿಗೆ ತಿರುಗಿದಾಗ ಅವಳ ಕೈ ನಿಂತಿತು. ಕಣ್ಣಿನ ಬಿಳಿಯೂ ಹಳದಿ. ಬಣ್ಣ ಅಲ್ಲಿಗೆ ಹೇಗೆ ಹೋದೀತು?

“ಮೂತ್ರ ಯಾವ ಬಣ್ಣ ಬರ್ತಿದೆ?”

“ಕಡು ಟೀ ತರ. ನೀರು ಕಮ್ಮಿ ಕುಡಿದೆ ಅನ್ಕೊಂಡೆ.”

“ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ಲೋಕನೆಲ್ಲ ಹಳದೀಲಿ ಅದ್ದೋ ನಿಮಗೆ ಕಾಮಾಲೆಯೇ ಕಾಣ್ಲಿಲ್ವಲ್ರೀ!” ಎನ್ನುತ್ತ ಅವಳು ಒದ್ದೆ ಸೀರೆಯಲ್ಲೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

“ಈಚೆಗೆ ಏನಾದ್ರೂ ಮಾತ್ರೆ ತಗೊಂಡ್ರಾ?” ಎಂದರು ಡಾಕ್ಟರು.

“ಇಲ್ಲ ಸಾರ್.”

“ಹೋದ ತಿಂಗಳು?”

“ಹಲ್ಲುನೋವಿಗೆ ನಮ್ಮಕ್ಕ ಕೊಟ್ಟಿದ್ದು ನುಂಗಿದ್ದೆ. ಅದು ಮನೇದು ಬಿಡಿ ಸಾರ್.”

ಹೆಂಡತಿ ಹಣೆ ಚಚ್ಚಿಕೊಂಡಳು. ಮನೇದಂತೆ!

ರಕ್ತಪರೀಕ್ಷೆಗಳೆಲ್ಲ ಮುಗಿದ ಮೇಲೆ, ಮನೆಯಿಂದ ತರಿಸಿದ ಆ ಮಾತ್ರೆಯ ಪಟ್ಟಿಯನ್ನೂ ನೋಡಿ ಡಾಕ್ಟರು ಹೇಳಿದರು: “ಅದು ಆಂಟಿಬಯೋಟಿಕ್. ಬೇಕಾದಾಗ ಜೀವ ಉಳಿಸೋದೂ ಅದೇ. ಆದ್ರೆ ಕೆಲವರ ಲಿವರ್‌ಗೆ ಆಗಿಬರಲ್ಲ. ನಿಲ್ಲಿಸಿದ ಎಷ್ಟೋ ವಾರದ ಮೇಲೂ ತೊಂದರೆ ಕಾಣಿಸ್ಕೋಬಹುದು. ನಾನೇ ಬರೆದುಕೊಟ್ಟಿದ್ರೂ ಹೀಗಾಗಬಹುದಿತ್ತು. ಆದ್ರೆ ಕಣ್ಣು ಹಳದಿಯಾದ್ರೆ, ಮೈ ತುರಿಸಿದ್ರೆ ತಕ್ಷಣ ಬನ್ನಿ ಅಂತ ಹೇಳಿ ಕಳಿಸಿರ್ತಿದ್ದೆ.”

ಅವನನ್ನು ವಾರ್ಡಿನಲ್ಲಿ ಮಲಗಿಸಿ ಮನೆಗೆ ಬಂದವಳೇ ಗಂಡನ ಅಕ್ಕನ ಮುಂದೆ ನಿಂತಳು.

“ಅತ್ತಿಗೆ, ನಿಮ್ಮ ವೈದ್ಯಕ್ಕೆ ದೊಡ್ಡ ನಮಸ್ಕಾರ!”

“ನಾನೇನು ವಿಷ ಹಾಕಿದ್ನೇನೇ? ನನಗೆ ಬರೆದುಕೊಟ್ಟಿದ್ದು, ಉಳಿದಿತ್ತು. ನೋವು ಅಂತ ಗೋಡೆ ಹಿಡ್ಕೊಂಡು ಕೂತಿದ್ದ. ಡಾಕ್ಟರ ಹತ್ರ ಹೋದ್ರೆ ಅರ್ಧ ದಿನದ ಕೆಲಸ ಹಾಳು ಅಂದವನೂ ಅವನೇ. ನೋಡ್ಕೊಂಡು ಸುಮ್ಮನಿರಬೇಕಿತ್ತಾ?”

“ಅರ್ಧ ದಿನ ಉಳಿಸೋಕೆ ಹೋಗಿ ಆಳನ್ನೇ ಮಲಗಿಸಿದ್ರಲ್ಲ!”

ಅತ್ತಿಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಸಣ್ಣ ದನಿಯಲ್ಲಿ, “ಅವನು ಉಳೀತಾನೇನೇ?” ಎಂದಳು.

ಬೈಯಲು ಬಾಯಿ ತೆರೆದಿದ್ದ ಹೆಂಡತಿ ಅತ್ತಿಗೆಯ ಪಕ್ಕದಲ್ಲೇ ಕೂತುಬಿಟ್ಟಳು.

ಉಳಿದ. ಕಣ್ಣು ಬೆಳ್ಳಗಾಗಲು ಬಹಳ ಕಾಲ ಹಿಡಿಯಿತು. ಅವನು ಗೋಡೆಗೆ ಒರಗಿ ಕೂತು, ಬಡಿಸಿದ್ದನ್ನು ಬೈಸಿಕೊಳ್ಳದೆ ಉಣ್ಣುವಷ್ಟು ಚೇತರಿಸಿಕೊಂಡಿದ್ದ ಒಂದು ಬೆಳಿಗ್ಗೆ, ಪಕ್ಕದ ಮನೆಯ ಗುಂಡಿ ಹೊಲಿಯುವವಳು ಗಂಟಲು ಹಿಡಿದುಕೊಂಡು ಅತ್ತಿಗೆಯ ಹತ್ತಿರ ಬಂದಳು.

“ಅಕ್ಕ, ಉಗುಳು ನುಂಗೋಕಾಗ್ತಿಲ್ಲ. ಅವತ್ತು ನನಗೆ ಕೊಟ್ರಲ್ಲ, ಅಂಥದ್ದೇ ಒಂದು ಮಾತ್ರೆ ಕೊಡಿ.”

ಅತ್ತಿಗೆ ಎದ್ದು ಒಳಗೆ ಹೋದಳು. ಬಣ್ಣದವನ ಹೆಂಡತಿ ಹಲ್ಲು ಕಚ್ಚಿದಳು: ಇಷ್ಟಾದ ಮೇಲೂ! ಸೌಟು ಹಿಡಿದೇ ಬಾಗಿಲಿಗೆ ಬಂದಳು.

ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬರಿಗೈಲಿ ಹೊರಬಂದಳು.

“ನಡಿ, ಆಸ್ಪತ್ರೆಗೆ. ಸಾಲಲ್ಲಿ ನಾನೂ ನಿಲ್ತೀನಿ.”

“ಅಯ್ಯೋ, ಅರ್ಧ ದಿನ ಹೋಗುತ್ತಲ್ಲಕ್ಕ!”

“ಹೋಗ್ಲಿ.”